ಮನೆ ಹರಾಜಿಗೆ ಬರುವ ಮುನ್ನ ಯಾರ ಬಾಗಿಲು ತಟ್ಟಬೇಕು? ಸಾಲಗಾರರಿಗೆ ಸಿಗುವ ಸೇವೆಗಳ ವಿಮರ್ಶೆ

ಮನೆ ಸಾಲದ ಕಂತು ನಿಂತವರು ಕರ್ನಾಟಕದಲ್ಲಿ ನೆರವು ಕೇಳಿಕೊಂಡು ಹೋಗುವ ಜಾಗಗಳು ಹೆಚ್ಚಿಲ್ಲ. ಬ್ಯಾಂಕಿನ ಶಾಖೆ, ಕಾನೂನು ಸೇವೆಗಳ ಪ್ರಾಧಿಕಾರ, ಲೋಕ ಅದಾಲತ್, ಆರ್‌ಬಿಐ ಒಂಬುಡ್ಸ್‌ಮನ್ (ಬ್ಯಾಂಕಿನ ಮೇಲಿನ ದೂರು ಕೇಳುವ ಅಧಿಕಾರಿ), ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ (ಎಲ್ಲರ ಬಾಯಲ್ಲೂ ಅದು ಡಿಆರ್‌ಟಿ), ಹೈಕೋರ್ಟ್, ಕೊನೆಗೆ ಮೊಬೈಲ್‌ನಲ್ಲಿ ಜಾಹೀರಾತು ಬಿಡುವ ‘ಲೋನ್ ಸೆಟಲ್‌ಮೆಂಟ್’ ಕಂಪನಿಗಳು. ಇವುಗಳಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲಿರುವ ಕಾಗದದಲ್ಲಿದೆ. ಅದು ಕಂತು ತಪ್ಪಿದ ಎಸ್‌ಎಂಎಸ್ಸೋ, 60 ದಿನದ ನೋಟಿಸೋ, ಬಾಗಿಲಿಗೆ ಅಂಟಿಸಿದ ಸ್ವಾಧೀನ ನೋಟಿಸೋ, ಪತ್ರಿಕೆಯ ಹರಾಜು ಪ್ರಕಟಣೆಯೋ ಎಂಬುದನ್ನು ಮೊದಲು ನೋಡಿ. ಇವತ್ತು ಬಲು ಉಪಯೋಗಕ್ಕೆ ಬರುವ ಸೇವೆ ಇನ್ನೆರಡು ತಿಂಗಳಿಗೆ ಏನೂ ಮಾಡಲಾಗದ ಸ್ಥಿತಿಗೆ ಬಂದಿರುತ್ತದೆ. ಆದ್ದರಿಂದ ಪ್ರತಿ ಸೇವೆಯನ್ನೂ ಅದು ಕೆಲಸಕ್ಕೆ ಬರುವ ಹೊತ್ತಿನ ಜೊತೆಗೇ ತೂಗಿದ್ದೇವೆ.

ಲೆಕ್ಕ ಹೀಗೆ ನಡೆಯುತ್ತದೆ. ಕಂತು ಬಾಕಿ ಬಿದ್ದು 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಆಗುತ್ತದೆ. ಅದಕ್ಕೂ ಮೊದಲೇ ಬ್ಯಾಂಕು ಅದನ್ನು ನಿಗಾ ಇಡಬೇಕಾದ ಖಾತೆಯಾಗಿ ಎಸ್‌ಎಂಎ-0 (30 ದಿನದವರೆಗೆ), ಎಸ್‌ಎಂಎ-1 (31ರಿಂದ 60), ಎಸ್‌ಎಂಎ-2 (61ರಿಂದ 90) ಎಂದು ಗುರುತು ಹಾಕಿಕೊಂಡಿರುತ್ತದೆ. ಎನ್‌ಪಿಎ ಆದ ಮೇಲೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ತಾನೇ ಮಾರಿ ಸಾಲ ವಸೂಲು ಮಾಡಲು ಬಿಡುವ 2002ರ ಸರ್ಫೇಸಿ ಕಾಯ್ದೆಯ 13(2)ನೇ ಸೆಕ್ಷನ್ ಪ್ರಕಾರ ಪೂರ್ತಿ ಸಾಲ ಕಟ್ಟಿ ಎಂದು 60 ದಿನದ ನೋಟಿಸ್ ಬರುತ್ತದೆ. ಆ ಗಡುವು ಮುಗಿದರೆ 13(4)ರ ಪ್ರಕಾರ ಸ್ವಾಧೀನ ನೋಟಿಸ್. ಅದನ್ನು ಮನೆಗೆ ಅಂಟಿಸಿ, 7 ದಿನದೊಳಗೆ ಎರಡು ಪತ್ರಿಕೆಗಳಲ್ಲಿ, ಅದರಲ್ಲೊಂದು ಸ್ಥಳೀಯ ಭಾಷೆಯದ್ದು, ಪ್ರಕಟಿಸಬೇಕು. ಆಮೇಲೆ ಸಾಲಗಾರನಿಗೆ 30 ದಿನದ ಮಾರಾಟ ನೋಟಿಸ್ ಕೊಟ್ಟು ಹರಾಜು. ಇಷ್ಟೂ ನಡೆಯಲು ಬ್ಯಾಂಕಿಗೆ ಸಿವಿಲ್ ಕೋರ್ಟಿನ ಡಿಕ್ರಿ ಬೇಕಿಲ್ಲ. ಕಾಯ್ದೆಯ 34ನೇ ಸೆಕ್ಷನ್ ಸಿವಿಲ್ ಕೋರ್ಟಿಗೆ ಹೋಗುವ ದಾರಿಯನ್ನೇ ಮುಚ್ಚಿದೆ. ‘ಕೋರ್ಟಿನಿಂದ ಏನೂ ಬಂದಿಲ್ಲವಲ್ಲ’ ಎಂದು ಸುಮ್ಮನೆ ಕುಳಿತು ಮನೆ ಕಳೆದುಕೊಂಡವರು ಬಹಳ.

ಬ್ಯಾಂಕಿನ ಶಾಖೆ

ಮೊದಲ 90 ದಿನದಲ್ಲಿ ಇದಕ್ಕಿಂತ ಒಳ್ಳೆಯ ಸೇವೆ ಇನ್ನೊಂದಿಲ್ಲ. ಐದಕ್ಕೆ ನಾಲ್ಕೂವರೆ ಅಂಕ, ಅದೂ ಬರವಣಿಗೆಯಲ್ಲಿ ಕೇಳಿದವರಿಗೆ ಮಾತ್ರ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಎಲ್ಲಿಯೂ ದಾಖಲಾಗುವುದಿಲ್ಲ, ಮ್ಯಾನೇಜರ್ ವರ್ಗವಾದ ದಿನ ಅದು ಅಳಿಸಿಹೋಗುತ್ತದೆ. ಎರಡು ಪ್ರತಿ ಅರ್ಜಿ ಮಾಡಿ, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಅದೇ ಅರ್ಜಿಯನ್ನು ಇ-ಮೇಲ್ ಕೂಡ ಮಾಡಿ. ಜೊತೆಗೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ ಅಥವಾ ಕೆಲಸ ಹೋದ ಪತ್ರ, ಆಸ್ಪತ್ರೆಯ ಬಿಲ್ಲಿದ್ದರೆ ಅದು, ತಿಂಗಳಿಗೆ ಎಷ್ಟು ಕಟ್ಟಲು ಸಾಧ್ಯ ಎಂಬ ಒಂದು ಪುಟದ ಲೆಕ್ಕ ಇಡಿ. ‘ದಯವಿಟ್ಟು ಸಮಯ ಕೊಡಿ’ ಎಂಬ ಅರ್ಜಿಗೆ ಬೆಲೆ ಕಡಿಮೆ. ‘ಅವಧಿ ವಿಸ್ತರಿಸಿ, ಇಂತಿಷ್ಟು ಕಂತು ಇಂಥ ತಾರೀಖಿನಿಂದ ಕಟ್ಟುತ್ತೇನೆ’ ಎಂಬ ಅರ್ಜಿಯನ್ನು ಮೇಲಿನ ಕಚೇರಿಗೆ ಕಳಿಸಲು ಮ್ಯಾನೇಜರಿಗೂ ಸುಲಭ.

ಅವಧಿ ವಿಸ್ತರಣೆಯ ಲಾಭನಷ್ಟವನ್ನು ಅಂಕಿಯಲ್ಲಿ ನೋಡಿ. 28 ಲಕ್ಷ ಬಾಕಿ, ಶೇ 9 ಬಡ್ಡಿ, 15 ವರ್ಷ ಉಳಿದಿದೆ ಎಂದುಕೊಂಡರೆ ಕಂತು ಸುಮಾರು 28,400 ರೂಪಾಯಿ. ಅವಧಿಯನ್ನು 25 ವರ್ಷಕ್ಕೆ ಎಳೆದರೆ ಕಂತು ಸುಮಾರು 23,500ಕ್ಕೆ ಇಳಿಯುತ್ತದೆ. ತಿಂಗಳಿಗೆ 4,900 ಉಳಿಯಿತು, ಆದರೆ ಒಟ್ಟು ಬಡ್ಡಿ 23 ಲಕ್ಷದಿಂದ 42 ಲಕ್ಷದ ಮೇಲಕ್ಕೆ ಹೋಯಿತು. ಆದಾಯ ತಾತ್ಕಾಲಿಕವಾಗಿ ಕುಸಿದಿದ್ದರೆ ಇದು ಸರಿಯಾದ ದಾರಿಯೇ. ಕೈ ಸುಧಾರಿಸಿದ ಮೇಲೆ ಹೆಚ್ಚುವರಿ ಕಟ್ಟಿ ಅವಧಿ ಇಳಿಸಿಕೊಳ್ಳಬಹುದು, ಯಾಕೆಂದರೆ ಬದಲಾಗುವ ಬಡ್ಡಿಯ ವೈಯಕ್ತಿಕ ಮನೆ ಸಾಲಕ್ಕೆ ಮುಂಗಡ ಪಾವತಿ ದಂಡ ವಿಧಿಸುವಂತಿಲ್ಲ. ಆದಾಯವೇ ಖಾಯಂ ಅರ್ಧಕ್ಕೆ ಇಳಿದಿದ್ದರೆ ಮಾತ್ರ ವಿಸ್ತರಣೆ ನೋವನ್ನು ಮುಂದಕ್ಕೆ ತಳ್ಳುತ್ತದೆ, ಅಷ್ಟೆ. ಸಾಲದ ಮರುಹೊಂದಾಣಿಕೆ ಆದರೆ ಅದು ಕ್ರೆಡಿಟ್ ವರದಿಯಲ್ಲಿ ಕಾಣುತ್ತದೆ ಎಂಬುದೂ ಗೊತ್ತಿರಲಿ. ಬೇರೆ ಬ್ಯಾಂಕಿಗೆ ಕಡಿಮೆ ಬಡ್ಡಿಗೆ ಸಾಲ ವರ್ಗಾಯಿಸುವ ಯೋಚನೆಯಿದ್ದರೆ ಕಂತು ತಪ್ಪುವ ಮೊದಲೇ ಮಾಡಬೇಕು. ತಪ್ಪಿದ ಕಂತು ವರದಿಯಲ್ಲಿ ಬಿದ್ದ ಮೇಲೆ ತೆಗೆದುಕೊಳ್ಳುವವರು ಸಿಗುವುದು ಕಷ್ಟ.

ಎನ್‌ಪಿಎ ಆದ ಮೇಲೆ ಶಾಖೆಯ ಕೈ ಕಟ್ಟಿಹೋಗುತ್ತದೆ. ಒಂದೆರಡು ಕಂತು ಕಟ್ಟಿದರೆ ಖಾತೆ ಸರಿಹೋಗುತ್ತದೆ ಎಂಬ ನಂಬಿಕೆ ಬಲವಾಗಿದೆ, ಅದು ತಪ್ಪು. 2021ರ ನವೆಂಬರ್‌ನ ಆರ್‌ಬಿಐ ಸುತ್ತೋಲೆಯ ಪ್ರಕಾರ ಅಸಲು, ಬಡ್ಡಿ ಎರಡರ ಬಾಕಿಯನ್ನೂ ಪೂರ್ತಿ ಕಟ್ಟಿದರೆ ಮಾತ್ರ ಎನ್‌ಪಿಎ ಗುರುತು ಹೋಗುತ್ತದೆ. ಹಾಗಾಗಿ 80ನೇ ದಿನ ಕಟ್ಟಿದ ಒಂದು ಕಂತು 100ನೇ ದಿನ ಕಟ್ಟಿದ ಎರಡು ಕಂತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಶಾಖೆಯಲ್ಲಿ ಕೇಳಲೇಬೇಕಾದ ಇನ್ನೆರಡು ವಿಷಯಗಳಿವೆ. ಮೊದಲನೆಯದು ದಂಡದ ಲೆಕ್ಕ. ಆರ್‌ಬಿಐ 2023ರ ಆಗಸ್ಟ್‌ನಲ್ಲಿ ಹೊರಡಿಸಿ 2024ರಿಂದ ಜಾರಿಗೆ ತಂದ ನಿಯಮದಂತೆ ದಂಡವನ್ನು ‘ದಂಡ ಬಡ್ಡಿ’ಯಾಗಿ ಬಡ್ಡಿ ದರಕ್ಕೆ ಸೇರಿಸುವಂತಿಲ್ಲ, ದಂಡ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕುವಂತೆಯೂ ಇಲ್ಲ. ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ತೆಗೆಸಿ ಸಾಲುಸಾಲಾಗಿ ನೋಡಿ. ಎರಡನೆಯದು ವಿಮೆ. ಸಾಲ ಕೊಡುವಾಗ ಕಂತಿನ ಜೊತೆ ಸೇರಿಸಿ ಮಾರಿದ ಸಾಲ ರಕ್ಷಣಾ ಪಾಲಿಸಿ ಎಷ್ಟೋ ಮನೆಗಳಲ್ಲಿದೆ, ಮನೆಯವರಿಗೇ ಗೊತ್ತಿರುವುದಿಲ್ಲ. ಸಾಲಗಾರ ತೀರಿಕೊಂಡಿದ್ದರೆ ಅಥವಾ ಪಾಲಿಸಿಯಲ್ಲಿ ಹೇಳಿದ ಗಂಭೀರ ಕಾಯಿಲೆ ಬಂದಿದ್ದರೆ, ಕಂತಿನ ಚಿಂತೆಗೂ ಮೊದಲು ಈ ಕ್ಲೇಮು ಹಾಕಬೇಕು.

ವಸೂಲಿಗೆ ಬರುವವರ ಕಾಟದ ಬಗ್ಗೆ ಒಂದು ಮಾತು: ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿ ಕರೆ ಮಾಡುವಂತಿಲ್ಲ ಎಂದು ಆರ್‌ಬಿಐ 2022ರಲ್ಲೇ ಹೇಳಿದೆ. ನೆರೆಹೊರೆಯವರ ಮುಂದೆ ಮರ್ಯಾದೆ ಕಳೆಯುವುದು, ನೆಂಟರಿಗೆ ಫೋನ್ ಮಾಡಿ ಬೆದರಿಸುವುದು ಯಾವ ನಿಯಮದಲ್ಲೂ ಇಲ್ಲ.

60 ದಿನದ ನೋಟಿಸ್ ಬಂದಾಗ: ಕಾನೂನು ಸೇವೆಗಳ ಪ್ರಾಧಿಕಾರ

ನೋಟಿಸನ್ನು ತೆಗೆದುಕೊಳ್ಳದೆ ಅಂಚೆಯವರನ್ನು ವಾಪಸು ಕಳಿಸುವುದರಿಂದ ಏನೂ ನಿಲ್ಲುವುದಿಲ್ಲ. ಬಾಗಿಲಿಗೆ ಅಂಟಿಸಿ, ಪತ್ರಿಕೆಯಲ್ಲಿ ಹಾಕಿ ತಲುಪಿಸಿದಂತೆ ಮಾಡಲು ನಿಯಮದಲ್ಲೇ ದಾರಿಯಿದೆ. ವಿದೇಶದಲ್ಲೋ ಬೇರೆ ರಾಜ್ಯದಲ್ಲೋ ಇದ್ದು ಊರಿನ ಮನೆಯ ಮೇಲೆ ಸಾಲ ಮಾಡಿದವರು ಬ್ಯಾಂಕಿನಲ್ಲಿ ವಿಳಾಸ, ಇ-ಮೇಲ್ ಸರಿಪಡಿಸಿಡಿ; ಬೀಗ ಹಾಕಿದ ಮನೆಗೆ ನೋಟಿಸ್ ಅಂಟಿದ್ದು ನಿಮಗೆ ತಿಳಿಯುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಈ ಹಂತದ ಅಸ್ತ್ರ 13(3ಎ) ಆಕ್ಷೇಪಣೆ. 60 ದಿನದೊಳಗೆ ನೀವು ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನದೊಳಗೆ ಕಾರಣ ಸಹಿತ ಉತ್ತರ ಕೊಡಬೇಕು. 2004ರ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕಾಯ್ದೆಗೆ ಸೇರಿದ ಹಕ್ಕಿದು. ಆಕ್ಷೇಪಣೆಯಲ್ಲಿ ಏನಿರಬೇಕು? ಕಟ್ಟಿದ ಹಣ ಜಮೆ ಆಗದಿದ್ದರೆ ಅದರ ರಸೀದಿ, ಎನ್‌ಪಿಎ ತಾರೀಖು ತಪ್ಪಿದ್ದರೆ ಅದರ ಲೆಕ್ಕ, ಸೇರಬಾರದ ದಂಡ, ಸಹ-ಸಾಲಗಾರರಿಗೆ ಅಥವಾ ಜಾಮೀನುದಾರರಿಗೆ ನೋಟಿಸ್ ಹೋಗದಿರುವುದು. ಕೊನೆಗೆ ನೀವು ಕಟ್ಟಬಲ್ಲ ಮೊತ್ತದ ಪ್ರಸ್ತಾವ. ಕಷ್ಟದ ಕಥೆ ಒಂದು ಪ್ಯಾರಾ ಸಾಕು. ಕಾಯ್ದೆಯೇ ಅನ್ವಯಿಸದ ಸಂದರ್ಭಗಳನ್ನೂ ಇಲ್ಲಿಯೇ ಎತ್ತಬೇಕು: ಬಾಕಿಯು ಅಸಲು ಮತ್ತು ಬಡ್ಡಿಯ ಮೊತ್ತದ ಶೇ 20ಕ್ಕಿಂತ ಕಡಿಮೆ ಉಳಿದಿದ್ದರೆ, ಬಾಕಿ 1 ಲಕ್ಷ ದಾಟದಿದ್ದರೆ, ಅಡವಿಟ್ಟದ್ದು ನಿಜಕ್ಕೂ ಸಾಗುವಳಿಯಲ್ಲಿರುವ ಕೃಷಿ ಜಮೀನಾಗಿದ್ದರೆ ಸರ್ಫೇಸಿ ನಡೆಯುವುದಿಲ್ಲ.

ಇದನ್ನು ಬರೆದುಕೊಡಲು ವಕೀಲರಿಗೆ ಹಣವಿಲ್ಲದವರು 15100ಕ್ಕೆ ಕರೆ ಮಾಡಬಹುದು, ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು. ರಾಜ್ಯ ಪ್ರಾಧಿಕಾರ ಬೆಂಗಳೂರಿನ ನ್ಯಾಯ ದೇಗುಲ ಕಟ್ಟಡದಲ್ಲಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಇವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯ ಮಿತಿಯಿದೆ. ಬಹಳ ಜನ ಗಮನಿಸದ ಸಂಗತಿಯೊಂದಿದೆ. ಮನೆ ಸಾಲಗಳಲ್ಲಿ ಹೆಂಡತಿ ಸಾಮಾನ್ಯವಾಗಿ ಸಹ-ಸಾಲಗಾರ್ತಿ. ಅವರ ಹೆಸರಿನಲ್ಲೇ ಅರ್ಜಿ ಹಾಕಿದರೆ ಆದಾಯದ ಪ್ರಶ್ನೆಯೇ ಬರುವುದಿಲ್ಲ. ಕಾನೂನು ಸೇವೆಗಳ ಕಾಯ್ದೆಯಲ್ಲಿ ‘ಕೋರ್ಟ್’ ಎಂದರೆ ನ್ಯಾಯಮಂಡಳಿಯೂ ಸೇರುವುದರಿಂದ ಡಿಆರ್‌ಟಿ ಪ್ರಕರಣಕ್ಕೂ ಈ ನೆರವು ಕೇಳಬಹುದು.

ನಮ್ಮ ಅಂಕ ಐದಕ್ಕೆ ಮೂರೂವರೆ. ಕಡಿತಕ್ಕೆ ಕಾರಣ ಒಂದೇ: ಪ್ಯಾನೆಲ್‌ನಲ್ಲಿರುವ ವಕೀಲರಲ್ಲಿ ಕೌಟುಂಬಿಕ, ಕ್ರಿಮಿನಲ್ ಪ್ರಕರಣ ನಡೆಸುವವರೇ ಹೆಚ್ಚು. ‘ಸರ್ಫೇಸಿ ಪ್ರಕರಣ, ಡಿಆರ್‌ಟಿಯಲ್ಲಿ ಕೆಲಸ ಮಾಡುವ ವಕೀಲರು ಬೇಕು’ ಎಂದು ಅರ್ಜಿಯಲ್ಲೇ ಬರೆಯಿರಿ. ನೋಟಿಸ್ ಬಂದ 55ನೇ ದಿನ ಹೋದರೆ ವಕೀಲರ ನೇಮಕಕ್ಕೇ ಸಮಯ ಸಾಲದು. ಮೊದಲ ವಾರದಲ್ಲೇ ಹೋಗಿ.

ಲೋಕ ಅದಾಲತ್ ಮತ್ತು ಒಟಿಎಸ್

ಲೋಕ ಅದಾಲತ್‌ಗೆ ಶುಲ್ಕವಿಲ್ಲ, ಪ್ರಕರಣ ದಾಖಲಾಗುವ ಮೊದಲೇ ಹೋಗಬಹುದು. ಆದರೆ ಇಲ್ಲಿ ಏನು ಸಿಗುತ್ತದೆ ಎಂಬುದರ ಬಗ್ಗೆ ಅತಿಯಾದ ನಿರೀಕ್ಷೆ ಬೇಡ. ಭದ್ರತೆಯಿಲ್ಲದ ಸಾಲದಲ್ಲಿ ಬ್ಯಾಂಕು ಅಸಲನ್ನೂ ಬಿಟ್ಟುಕೊಡುವುದುಂಟು. ಮನೆ ಸಾಲದಲ್ಲಿ ಬಾಕಿಗಿಂತ ಮನೆಯ ಬೆಲೆ ಹೆಚ್ಚಿರುವಾಗ ಅದು ಅಸಲು ಬಿಡಲು ಕಾರಣವೇ ಇಲ್ಲ; ಸಿಗುವ ರಿಯಾಯಿತಿ ದಂಡ ಶುಲ್ಕ, ಸ್ವಲ್ಪ ಬಡ್ಡಿ, ಮತ್ತು ಸಮಯ. ಅದಾಲತ್‌ನ ತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಹಾಗಾಗಿ ಸಹಿ ಹಾಕುವ ಮುನ್ನ ‘ಒಂದು ಕಂತು ತಪ್ಪಿದರೆ ರಿಯಾಯಿತಿ ರದ್ದು’ ಎಂಬ ಸಾಲು ಇದೆಯೇ ನೋಡಿ. ಇದ್ದರೆ ಒಂದೆರಡು ಕಂತಿನ ಸಡಿಲಿಕೆ ಸೇರಿಸಲು ಅಲ್ಲೇ ಕೇಳಿ. ನಂತರ ಕೇಳಲು ಜಾಗವಿಲ್ಲ.

ಬ್ಯಾಂಕಿನ ಒಂದೇ ಬಾರಿಯ ತೀರುವಳಿ, ಅಂದರೆ ಒಟಿಎಸ್, ಹಣ ಕೈಯಲ್ಲಿರುವವರಿಗೆ ಮಾತ್ರ. ಅದು ಸಾಲಗಾರನ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಬಿಜ್ನೋರ್ ಅರ್ಬನ್ ಕೋಆಪರೇಟಿವ್ ಬ್ಯಾಂಕ್ ಪ್ರಕರಣದಲ್ಲಿ ಹೇಳಿಯಾಗಿದೆ. ಮೂರು ತಿಂಗಳು ಮೀರಿದ ಪಾವತಿಯನ್ನು ಆರ್‌ಬಿಐ ಮರುಹೊಂದಾಣಿಕೆ ಎಂದೇ ಪರಿಗಣಿಸುವುದರಿಂದ ಬ್ಯಾಂಕುಗಳು ಅದಕ್ಕಿಂತ ಹೆಚ್ಚು ಸಮಯ ಕೊಡಲು ಹಿಂಜರಿಯುತ್ತವೆ. ಹಣ ಎಲ್ಲಿಂದ ಬರುತ್ತದೆ ಎಂದು ಖಚಿತವಾಗದೆ ಟೋಕನ್ ಮೊತ್ತ ಕಟ್ಟಬೇಡಿ. ಒಪ್ಪಂದ ಮುರಿದರೆ ಆ ಮೊತ್ತ ಹಳೆಯ ಬಾಕಿಗೆ ಜಮೆಯಾಗಿ ಹೋಗುತ್ತದೆ. ಕ್ರೆಡಿಟ್ ವರದಿಯಲ್ಲಿ ‘ಸೆಟಲ್ಡ್’ ಎಂಬ ಗುರುತೂ ಉಳಿಯುತ್ತದೆ.

ಒಂಬುಡ್ಸ್‌ಮನ್ ಬಗ್ಗೆ ಚಿಕ್ಕದಾಗಿ. ದೂರು ಉಚಿತ, ಆರ್‌ಬಿಐನ ಸಿಎಂಎಸ್ ತಾಣದಲ್ಲಿ ಹಾಕಬಹುದು, ಸಹಾಯವಾಣಿ 14448. ಮೊದಲು ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಾಯಬೇಕು. ತಪ್ಪು ಶುಲ್ಕ, ವಸೂಲಿ ಏಜೆಂಟರ ದುರ್ವರ್ತನೆ, ಸ್ಟೇಟ್‌ಮೆಂಟ್ ಕೊಡದಿರುವುದು ಇಂಥವಕ್ಕೆ ಒಳ್ಳೆಯದು. ಕಂತು ಇಳಿಸಿಕೊಡದ್ದು ಬ್ಯಾಂಕಿನ ವಾಣಿಜ್ಯ ನಿರ್ಧಾರ, ಅದರಲ್ಲಿ ಒಂಬುಡ್ಸ್‌ಮನ್ ಕೈಹಾಕುವುದಿಲ್ಲ. ದೂರು ಕೊಟ್ಟ ಮಾತ್ರಕ್ಕೆ ಹರಾಜೂ ನಿಲ್ಲದು. ಸಾಲ ಕೊಟ್ಟದ್ದು ಹೌಸಿಂಗ್ ಫೈನಾನ್ಸ್ ಕಂಪನಿಯಾದರೆ ದೂರು ಹೋಗಬೇಕಾದದ್ದು ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ಗ್ರಿಡ್ಸ್ ತಾಣಕ್ಕೆ.

ಡಿಆರ್‌ಟಿ

ಸ್ವಾಧೀನ ನೋಟಿಸ್ ಬಂದ ಮೇಲೆ ಕಾನೂನು ಕೊಡುವ ನಿಜವಾದ ತಡೆ ಇಲ್ಲಿಯೇ. ಸರ್ಫೇಸಿಯ 17ನೇ ಸೆಕ್ಷನ್ ಪ್ರಕಾರ 45 ದಿನದೊಳಗೆ ಅರ್ಜಿ. ಸಾಮಾನು ಹೊರಗೆ ಹಾಕುವವರೆಗೆ ಕಾಯಬೇಕಿಲ್ಲ. ಗೋಡೆಗೆ ಅಂಟಿಸಿದ ಸಾಂಕೇತಿಕ ಸ್ವಾಧೀನ ನೋಟಿಸೇ ಸಾಕು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಬರೀ 13(2) ನೋಟಿಸ್ ಹಿಡಿದು ಮಾತ್ರ ಇಲ್ಲಿಗೆ ಬರಲಾಗದು. ಶುಲ್ಕ: 10 ಲಕ್ಷಕ್ಕಿಂತ ಕಡಿಮೆ ಸಾಲಕ್ಕೆ ಲಕ್ಷಕ್ಕೆ 500 ರೂಪಾಯಿ, 10 ಲಕ್ಷ ಮತ್ತು ಮೇಲ್ಪಟ್ಟು 5,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಲಕ್ಷಕ್ಕೆ 250, ಗರಿಷ್ಠ 1 ಲಕ್ಷ. ನಮ್ಮ 28 ಲಕ್ಷದ ಉದಾಹರಣೆಗೆ 9,500 ಆಯಿತು. ವಕೀಲರ ಫೀಸು ಬೇರೆ.

ನ್ಯಾಯಮಂಡಳಿ ನೋಡುವುದು ಬ್ಯಾಂಕು ನಿಯಮದಂತೆ ನಡೆದಿದೆಯೇ ಎಂಬುದನ್ನು. ಗೆಲ್ಲುವ ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣುವ ಲೋಪಗಳು ಇವು: ಆಕ್ಷೇಪಣೆಗೆ ಉತ್ತರ ಕೊಡದಿರುವುದು, ಸಹ-ಸಾಲಗಾರರಿಗೆ ನೋಟಿಸ್ ತಲುಪದಿರುವುದು, ಪತ್ರಿಕಾ ಪ್ರಕಟಣೆ 7 ದಿನ ಮೀರಿರುವುದು ಅಥವಾ ಸ್ಥಳೀಯ ಭಾಷೆಯಲ್ಲಿ ಬಾರದಿರುವುದು, ಹರಾಜಿಗೆ ಮೊದಲು ಅನುಮೋದಿತ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸದೆ ಮೀಸಲು ಬೆಲೆ (ಹರಾಜಿನ ಕನಿಷ್ಠ ಬೆಲೆ) ಇಟ್ಟಿರುವುದು, 30 ದಿನದ ಅಂತರ ಬಿಡದಿರುವುದು. ಹೀಗಾಗಿ ನೋಟಿಸ್ ಬಂದ ಲಕೋಟೆಯನ್ನೂ ಎಸೆಯಬೇಡಿ, ಅಂಚೆ ಮುದ್ರೆಯ ತಾರೀಖು ಸಾಕ್ಷಿ. ಬಾಗಿಲಿಗೆ ಅಂಟಿಸಿದ ನೋಟಿಸಿನ ಫೋಟೋ ತಾರೀಖು ಸಹಿತ ತೆಗೆದಿಡಿ, ಪತ್ರಿಕೆಯ ಆ ಪುಟವನ್ನೂ ಎತ್ತಿಡಿ.

ತಡೆಯಾಜ್ಞೆ ಬಿಟ್ಟಿಯಾಗಿ ಬರುವುದಿಲ್ಲ. ಬಾಕಿಯ ಒಂದು ಭಾಗ ಕಟ್ಟಿ ಎಂಬ ಷರತ್ತು ಸಾಮಾನ್ಯ. ಆ ಗಡುವಿನಲ್ಲಿ ಕಟ್ಟದಿದ್ದರೆ ತಡೆ ತಾನೇ ತೆರವಾಗುತ್ತದೆ. ಅರ್ಜಿ ಹಾಕುವ ದಿನವೇ ಆ ಹಣ ಎಲ್ಲಿಂದ ತರುತ್ತೇವೆ ಎಂಬುದು ಗೊತ್ತಿರಬೇಕು: ಮನೆ ಸಾಲ ತೀರಿಸಲು ಪಿಎಫ್‌ನಿಂದ ಹಣ ತೆಗೆಯುವ ಅವಕಾಶ, ಚಿನ್ನ, ಊರಿನ ನಿವೇಶನ. ಇನ್ನೊಂದು ಕೊರತೆ ದೂರ. ಇಡೀ ರಾಜ್ಯಕ್ಕೆ ಇರುವ ಎರಡೂ ಪೀಠಗಳು ಬೆಂಗಳೂರಿನಲ್ಲೇ, ಮೇಲ್ಮನವಿ ಚೆನ್ನೈನಲ್ಲಿ. ಅಲ್ಲಿ ಅಪೀಲು ಹೋಗಬೇಕಾದರೆ ಬಾಕಿಯ ಶೇ 50 ಠೇವಣಿ. ಕಾರಣ ಕೊಟ್ಟರೆ ಶೇ 25ಕ್ಕೆ ಇಳಿಸಬಹುದು, ಅದಕ್ಕೂ ಕೆಳಗೆ ಇಲ್ಲ. ಬೀದರ್, ರಾಯಚೂರಿನ ಕುಟುಂಬಕ್ಕೆ ಇದು ದೊಡ್ಡ ಹೊರೆ. ಇ-ಫೈಲಿಂಗ್ ಬಂದಿರುವುದು ಸ್ವಲ್ಪ ಸಮಾಧಾನ. ನಿಜವಾದ ಲೋಪ ಇರುವವರಿಗೆ ಐದಕ್ಕೆ ನಾಲ್ಕು, ಬರೀ ಸಮಯ ಕೊಳ್ಳಲು ಹೋಗುವವರಿಗೆ ಎರಡು.

ಹೈಕೋರ್ಟಿಗೆ ರಿಟ್ ಹಾಕಿ ನಿಲ್ಲಿಸುತ್ತೇವೆ ಎನ್ನುವವರ ಮಾತು ನಂಬುವ ಮೊದಲು 2010ರ ಸತ್ಯವತಿ ಟಂಡನ್ ತೀರ್ಪು ನೆನಪಿರಲಿ: ಡಿಆರ್‌ಟಿ ದಾರಿ ಇರುವಾಗ ಹೈಕೋರ್ಟ್‌ಗಳು ಮಧ್ಯೆ ಬರಬಾರದು. ನಮ್ಮ ಹೈಕೋರ್ಟ್ ಕೊಟ್ಟಿದ್ದ ಯಥಾಸ್ಥಿತಿ ಆದೇಶವೊಂದನ್ನು 2022ರ ಫೀನಿಕ್ಸ್ ಎಆರ್‌ಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಸೆಟಲ್‌ಮೆಂಟ್ ಕಂಪನಿಗಳು

ಮನೆ ಸಾಲದ ಮಟ್ಟಿಗೆ ಇವಕ್ಕೆ ಅಂಕ ಕೊಡಲು ನಮಗೆ ಕಾರಣ ಸಿಗಲಿಲ್ಲ. ತಿಂಗಳ ಶುಲ್ಕ ಕಟ್ಟಿ, ಕಂತು ನಿಲ್ಲಿಸಿ, ಬ್ಯಾಂಕಿನ ಜೊತೆ ನಾವು ಮಾತಾಡುತ್ತೇವೆ ಎನ್ನುವುದು ಅವರ ಸಾಮಾನ್ಯ ಸಲಹೆ. ಕ್ರೆಡಿಟ್ ಕಾರ್ಡಿನ ಬಾಕಿಗೆ ಹೊಂದುವ ಈ ತಂತ್ರ ಮನೆ ಸಾಲದಲ್ಲಿ ನಿಮ್ಮನ್ನು ನೇರವಾಗಿ 90 ದಿನದ ಗೆರೆ ದಾಟಿಸುತ್ತದೆ. ಕಾರ್ಡಿನ ಹಿಂದೆ ಅಡಮಾನವಿಲ್ಲ, ಮನೆ ಸಾಲದ ಹಿಂದೆ ನಿಮ್ಮ ಮೂಲ ಪತ್ರಗಳೇ ಇವೆ. ‘ಸಾಲಮನ್ನಾ ಪ್ರಮಾಣಪತ್ರ’ ಕೊಡುತ್ತೇವೆಂದು ಶುಲ್ಕ ವಸೂಲು ಮಾಡುವವರ ಬಗ್ಗೆ ಆರ್‌ಬಿಐ 2023ರ ಡಿಸೆಂಬರ್‌ನಲ್ಲಿ ಎಚ್ಚರಿಕೆಯನ್ನೇ ಹೊರಡಿಸಿತ್ತು. ಖಾಲಿ ಚೆಕ್ಕು, ಸಹಿ ಮಾಡಿದ ಖಾಲಿ ಸ್ಟ್ಯಾಂಪ್ ಪೇಪರು, ಮನೆಯ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಇವನ್ನು ಕೇಳುವ ಯಾರಿಂದಲೂ ದೂರವಿರಿ.

ನೀವೇ ಮಾರುವುದು

ಕಂತು ಇನ್ನು ಸಾಧ್ಯವೇ ಇಲ್ಲ ಎಂದಾದರೆ ಹರಾಜಿಗಿಂತ ಸ್ವಂತ ಮಾರಾಟ ಎಷ್ಟೋ ಮೇಲು. ಬೆಲೆ ಕೂರಿಸುವುದು ನೀವು, ಉಳಿದ ಹಣ ಕೂಡಲೇ ನಿಮ್ಮದು. 13(2) ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ, ಹಾಗಾಗಿ ಒಪ್ಪಿಗೆ ಪತ್ರ ಮೊದಲು. ಬ್ಯಾಂಕಿನಿಂದ ಸಾಲ ಮುಕ್ತಾಯದ ಮೊತ್ತದ ಪತ್ರ ಮತ್ತು ತನ್ನ ಬಳಿ ಇರುವ ದಾಖಲೆಗಳ ಪಟ್ಟಿ ಪಡೆಯಿರಿ. ಕೊಳ್ಳುವವರ ಬ್ಯಾಂಕು ನೇರವಾಗಿ ನಿಮ್ಮ ಸಾಲದ ಖಾತೆಗೆ ಕಟ್ಟುವಂತೆ ಮಾಡಿಕೊಳ್ಳಿ. ವ್ಯವಹಾರ ಇಲ್ಲಿ ನಿಂತುಬಿಡುವುದು ಹೆಚ್ಚಾಗಿ ಇ-ಖಾತೆಯಿಂದ (ಆಸ್ತಿಯ ಡಿಜಿಟಲ್ ಖಾತಾ ದಾಖಲೆ). ಬೆಂಗಳೂರಿನಲ್ಲಿ ಇ-ಖಾತೆ ಇಲ್ಲದೆ ನೋಂದಣಿ ಆಗದು, ಹೆಸರು ಅಥವಾ ಅಳತೆ ತಪ್ಪಿದ್ದರೆ ತಿದ್ದಿಸಲು ಸಮಯ ಹಿಡಿಯುತ್ತದೆ. ಕೊಳ್ಳುವವರನ್ನು ಹುಡುಕುವ ಮೊದಲೇ ಅದನ್ನು, ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಇಸಿಯನ್ನು (ಋಣಭಾರ ಪ್ರಮಾಣಪತ್ರ), ತೆರಿಗೆ ರಸೀದಿಯನ್ನು ಸಿದ್ಧ ಮಾಡಿಕೊಳ್ಳಿ. ಪೂರ್ತಿ ಕಟ್ಟಿದ 30 ದಿನದಲ್ಲಿ ಮೂಲ ಪತ್ರಗಳು ವಾಪಸು ಬರಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೇಳುವ ಹಕ್ಕಿದೆ.

ಇದಕ್ಕೆಲ್ಲ ಕೊನೆಯ ಗಡುವು ಹರಾಜು ಪ್ರಕಟಣೆ. 2016ರ ತಿದ್ದುಪಡಿಯ ನಂತರ ಬಾಕಿ ಪೂರ್ತಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಪ್ರಕಟಣೆ ಹೊರಬೀಳುವವರೆಗೆ ಮಾತ್ರ. 2023ರ ಸೆಲಿರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿ ಮಾಡಿತು. ಹರಾಜಿನ ಹಿಂದಿನ ದಿನ ಹಣ ಹೊಂದಿಸಿ ಓಡಿದರೆ ಆಯಿತು ಎಂಬ ಹಳೆಯ ಲೆಕ್ಕ ಈಗ ನಡೆಯದು.

ಸಾಲ ಪತ್ತಿನ ಸಹಕಾರ ಸಂಘದ್ದಾದರೆ ಮೇಲಿನ ಗಡುವುಗಳು ನಿಮ್ಮವಲ್ಲ. ಸಹಕಾರಿ ಬ್ಯಾಂಕಿಗೆ ಸರ್ಫೇಸಿ ಇದೆ, ಬ್ಯಾಂಕಲ್ಲದ ಸಂಘ ಮಾತ್ರ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ ದಾವಾ ಹೂಡಬೇಕು. ಅಲ್ಲಿಂದ ಬಂದ ನೋಟಿಸಿನ ದಿನ ಖುದ್ದು ಹಾಜರಾಗಿ ಲೆಕ್ಕ ಪ್ರಶ್ನಿಸಿ. ಗೈರಾದರೆ ಸಂಘ ಹೇಳಿದ ಮೊತ್ತಕ್ಕೇ ತೀರ್ಪಾಗುತ್ತದೆ.

ಹರಾಜು ನಡೆದೇ ಹೋಗಿದ್ದರೂ ಒಂದು ಅರ್ಜಿ ಬಾಕಿ ಇರುತ್ತದೆ. ಸಾಲ, ಖರ್ಚು ಕಳೆದು ಮಿಕ್ಕ ಹಣ ಸಾಲಗಾರನಿಗೆ ಸೇರಬೇಕು ಎಂದು ಸರ್ಫೇಸಿಯ 13(7) ಹೇಳುತ್ತದೆ. ಮಾರಾಟದ ಮೊತ್ತ, ಹೊಂದಾಣಿಕೆಯಾದ ಬಾಕಿ, ಪ್ರತಿ ಖರ್ಚಿನ ವಿವರ ಕೊಡಿ ಎಂದು ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಬರೆಯಿರಿ. ಕೊಂಡವರು ಶೇ 25ನ್ನು ಅಂದೇ ಅಥವಾ ಮರುದಿನದ ಕೆಲಸದ ಹೊತ್ತಿಗೆ, ಉಳಿದದ್ದನ್ನು ಸಾಮಾನ್ಯವಾಗಿ 15 ದಿನದಲ್ಲಿ ಕಟ್ಟಬೇಕು. ಆ ಅವಧಿ ಮುಗಿದ ಕೂಡಲೇ ಪತ್ರ ಹೋಗಲಿ, ಜೊತೆಗೆ ನಿಮ್ಮ ಖಾತೆ ಸಂಖ್ಯೆ ಮತ್ತು ರದ್ದು ಮಾಡಿದ ಚೆಕ್ಕು ಇರಲಿ.